ಇಪ್ಪತ್ತಮೂರನೆಯ ಸೀಸೆ

ಹೋದ ವಾರ ಗಂಗತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಗಂಗತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು, ಬಂದ ದಿನವೇ ಅಡುಗೆಮನೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡವರು. ಈಗ ಅವರ ಪಿತ್ತಕೋಶದಲ್ಲಿ ಕಲ್ಲು. ಚಾಮರಾಜಪೇಟೆಯ ಅದೇ ಆಸ್ಪತ್ರೆ, ಅದೇ ಎರಡನೇ ಮಹಡಿ, ಫಿನಾಯಿಲಿನ ಜೊತೆ ಯಾರದೋ ಫ್ಲಾಸ್ಕಿನ ಕಾಫಿ ಬೆರೆತ ಅದೇ ವಾಸನೆ. ಮಂಚದ ಸುತ್ತ ನಮ್ಮ ಕಡೆಯವರು ಏಳೆಂಟು ಜನ ನಿಂತಿದ್ದೆವು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನರ್ಸ್ ಒಬ್ಬಳು ರಟ್ಟಿಗೆ ಸಿಕ್ಕಿಸಿದ ಫಾರಂ ಹಿಡಿದು ಬಂದು, ಇಡೀ ವಾರ್ಡಿಗೆ ಕೇಳುವಂತೆ ಕೇಳಿದಳು.

“ಅಜ್ಜಿ, ನೀವು ವೆಜ್ಜಾ, ನಾನ್‌ವೆಜ್ಜಾ?”

ಅತ್ತೆ ಬಾಯಿ ತೆರೆಯುವ ಮುಂಚೆಯೇ ಮೂರು ಬಾಯಿಗಳು ಒಟ್ಟಿಗೆ “ಪ್ಯೂರ್ ವೆಜ್” ಎಂದವು. ಪೆನ್ನು ಫಾರಮ್ಮಿನ ಮೇಲೆ ಇಳಿಯಿತು.

“ಬರೀಬೇಡಿ,” ಎಂದೆ ನಾನು. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. “ಎಲ್ಲಾರೂ ಆಚೆ ನಡೀರಿ. ಪರದೆ ಎಳೀತೀನಿ.”

“ಯಾಕೆ ಶೈಲಾ, ಏನಾಯ್ತೀಗ?” ಎಂದರು ಚಿಕ್ಕಪ್ಪ, ಕಕ್ಕಾಬಿಕ್ಕಿಯಾಗಿ.

“ಏನೂ ಆಗಿಲ್ಲ ಚಿಕ್ಕಪ್ಪ. ಆಗಬಾರ್ದು ಅಂತಾನೇ ಹೇಳ್ತಿರೋದು. ನಡೀರಿ.”

ಮೂಲೆಯಲ್ಲಿ ನಿಂತಿದ್ದ ಅಮ್ಮ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ನಗು ಯಾಕೆ ಎಂಬುದು ಅಲ್ಲಿದ್ದವರಲ್ಲಿ ನಮಗಿಬ್ಬರಿಗೆ ಮತ್ತು ಮಂಚದ ಮೇಲಿದ್ದ ಗಂಗತ್ತೆಗೆ ಗೊತ್ತಿತ್ತು. ಅದರ ಹಿಂದೆ ಒಂದು ಇಡೀ ಮಳೆಗಾಲವಿದೆ.

ಆ ವರ್ಷ ನಾನು ಮಲ್ಲೇಶ್ವರದ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮುಗಿಸುವ ಗಡಿಬಿಡಿಯಲ್ಲಿದ್ದೆ. ನನ್ನ ಕೆಲಸ ಮನುಷ್ಯರ ಪಿತ್ತರಸದಲ್ಲಿರುವ ಪಿತ್ತಾಮ್ಲಗಳನ್ನು ಅಳೆಯುವುದು. ಕೇಳಿದವರೆಲ್ಲ ಮುಖ ಕಿವುಚುತ್ತಿದ್ದರು. “ಬೇರೆ ಏನೂ ಸಿಗ್ಲಿಲ್ವಾ?” ಎಂದು ಅಪ್ಪನ ಅಂಗಡಿಗೆ ಬರುವ ಗಿರಾಕಿಗಳೂ ಕೇಳಿದ್ದರು. ಸಿಕ್ಕಿತ್ತು, ನನಗೆ ಇದೇ ಬೇಕಿತ್ತು. ನಾವು ತಿಂದ ಜಿಡ್ಡನ್ನು ನೊರೆಯೆಬ್ಬಿಸಿ ಕರಗಿಸುವ ಈ ಹಸಿರು-ಹಳದಿ ಕಹಿ ದ್ರವದ ಬಗ್ಗೆ ನಮ್ಮ ಊರಿನವರ ಮಟ್ಟಿಗೆ ಯಾರೂ ಸರಿಯಾಗಿ ಅಳೆದು ಇಟ್ಟಿಲ್ಲ ಎಂಬುದೇ ನನಗೆ ಸಿಟ್ಟು ತರಿಸುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯಲ್ಲಿ ಎಲ್ಲರೂ ಇವಳ ಪಿತ್ತ ಯಾವಾಗಲೂ ನೆತ್ತಿಯಲ್ಲೇ ಇರುತ್ತದೆ ಎನ್ನುತ್ತಿದ್ದರು.

ಚಾಮರಾಜಪೇಟೆಯ ಆಸ್ಪತ್ರೆಯಲ್ಲಿ ಕಲ್ಲಾದ ಪಿತ್ತಕೋಶವನ್ನು ತೆಗೆದಾಗ, ಅದರೊಳಗಿನ ರಸವನ್ನು ಸುಮ್ಮನೆ ಚೆಲ್ಲುತ್ತಾರೆ. ರೋಗಿ ಒಪ್ಪಿ ಸಹಿ ಹಾಕಿದ್ದರೆ ಅದರಲ್ಲಿ ಒಂದು ಚಮಚದಷ್ಟನ್ನು ಸೀಸೆಗೆ ತುಂಬಿ ನನಗೆ ಕೊಡುತ್ತಿದ್ದರು. ಸೀಸೆಯ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಜೊತೆಗೆ ಒಂದು ಹಾಳೆ: ವಯಸ್ಸು, ಕಾಯಿಲೆ, ಆಹಾರ. ಮಾಮೂಲ್‌ಪೇಟೆಯಲ್ಲಿ ಅಪ್ಪನ ದಾರ-ಗುಂಡಿಯ ಅಂಗಡಿಯ ಎದುರಿಗೇ ಕೊಂಡ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಸೀಸೆಯನ್ನು ಭದ್ರವಾಗಿ ಸುತ್ತಿಟ್ಟು, ಸ್ಕೂಟರಿನಲ್ಲಿ ಕಾಲುಗಳ ನಡುವೆ ಇರಿಸಿಕೊಂಡು ಮಲ್ಲೇಶ್ವರಕ್ಕೆ ಹೋಗುತ್ತಿದ್ದೆ. ಒಮ್ಮೆ ಟ್ರಾಫಿಕ್ ಪೊಲೀಸ್ ಒಬ್ಬರು ಅಡ್ಡಹಾಕಿ, “ಏನಮ್ಮಾ ಅದು ಡಬ್ಬೀಲಿ?” ಎಂದರು.

“ಪಿತ್ತ ಸಾರ್.”

“ಯಾರ್ದು?”

“ಗೊತ್ತಿಲ್ಲ ಸಾರ್. ನಂಬರ್ ಮಾತ್ರ ಇದೆ.”

ಅವರು ಲೈಸೆನ್ಸನ್ನೂ ಕೇಳದೆ ಕಳಿಸಿಬಿಟ್ಟರು.

ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಎನ್‌ಎಂಆರ್ ಯಂತ್ರ. ಆಳೆತ್ತರದ ಉಕ್ಕಿನ ಪೀಪಾಯಿ, ಒಳಗೆ ಬಲವಾದ ಅಯಸ್ಕಾಂತ. ಕೈಗಡಿಯಾರ, ಬೀಗದಕೈ, ಕೂದಲಿನ ಪಿನ್ನು ಎಲ್ಲವನ್ನೂ ಹೊರಗೆ ತೆಗೆದಿಟ್ಟು ಒಳಗೆ ಹೋಗಬೇಕು. ಪೆನ್ಸಿಲ್‌ಗಿಂತ ಸಣ್ಣ ಗಾಜಿನ ಕೊಳವೆಯಲ್ಲಿ ಪಿತ್ತವನ್ನು ಹಾಕಿ ಅದರ ನಡುವೆ ಇಳಿಬಿಟ್ಟರೆ, ಅದರೊಳಗಿನ ಹೈಡ್ರೋಜನ್‌ಗಳು ತಾವು ಕೂತಿರುವ ಜಾಗಕ್ಕೆ ತಕ್ಕಂತೆ ಉತ್ತರ ಕೊಡುತ್ತವೆ. ಆ ಉತ್ತರ ಪರದೆಯ ಮೇಲಿನ ಗೆರೆಯಲ್ಲಿ ಉಬ್ಬುಗಳಾಗಿ ಏಳುತ್ತದೆ. ಉಬ್ಬು ಎಲ್ಲಿದೆ ಎಂಬುದು ವಸ್ತು ಯಾವುದೆಂದು ಹೇಳುತ್ತದೆ. ಎಷ್ಟು ದೊಡ್ಡದಿದೆ ಎಂಬುದು ಎಷ್ಟಿದೆಯೆಂದು ಹೇಳುತ್ತದೆ.

ನನಗೆ ಬೇಕಿದ್ದದ್ದು ಪಕ್ಕಪಕ್ಕದ ಎರಡು ಉಬ್ಬುಗಳು. ಪಿತ್ತಾಮ್ಲಗಳು ಲಿವರಿನಿಂದ ಹೊರಡುವ ಮುಂಚೆ ಗ್ಲೈಸೀನ್ ಇಲ್ಲವೇ ಟಾರೀನ್ ಎಂಬ ಪುಟ್ಟ ಅಣುವಿನ ಕೈ ಹಿಡಿದುಕೊಂಡೇ ಹೊರಡುತ್ತವೆ. ಟಾರೀನ್ ಹೆಚ್ಚಾಗಿ ಸಿಗುವುದು ಮಾಂಸ ಮೀನುಗಳಲ್ಲಿ. ಹಾಗಾಗಿ ಸೊಪ್ಪು-ಬೇಳೆ ತಿನ್ನುವವರ ಪಿತ್ತದಲ್ಲಿ ಗ್ಲೈಸೀನಿನ ಉಬ್ಬು ದೊಡ್ಡದಾಗಿ, ಟಾರೀನಿನದು ಚಿಕ್ಕದಾಗಿ ಕಾಣಬೇಕು. ಅಷ್ಟೇ. ಪಿತ್ತವನ್ನು ಬೇಯಿಸದೆ, ಒಡೆಯದೆ, ಒಂದೇ ಸಲಕ್ಕೆ ಇದನ್ನು ಅಳೆಯಬಹುದು ಎಂದು ತೋರಿಸುವುದು ನನ್ನ ಪ್ರಬಂಧದ ಪ್ರಾಣ.

ಮೊದಲ ತಿಂಗಳು ನಾನೊಂದು ಎಡವಟ್ಟು ಮಾಡಿದ್ದೆ. ಬೇರೆ ಮಾದರಿಗಳಿಗೆಲ್ಲ ಮಾಡುವ ಅಭ್ಯಾಸಬಲದಿಂದ ಪಿತ್ತವನ್ನೂ ಯಂತ್ರದ ಹಿಡಿತಕ್ಕೆ ಬೇಕಾಗುವ ಭಾರಜಲದಲ್ಲಿ (ಹೆವಿ ವಾಟರ್) ಕದಡಿಬಿಟ್ಟೆ. ನನಗೆ ಬೇಕಿದ್ದ ಹೈಡ್ರೋಜನ್‌ಗಳೇ ಭಾರಜಲದ ಜೊತೆ ಅದಲುಬದಲಾಗಿ, ಎರಡೂ ಉಬ್ಬುಗಳು ಮಾಯ. “ಟಾರೀನೂ ಇಲ್ಲ, ಗ್ಲೈಸೀನೂ ಇಲ್ಲ. ಏನಮ್ಮಾ, ರೋಗಿ ಗಾಳಿ ತಿಂದ್ಕೊಂಡಿದ್ನಾ?” ಎಂದು ನಮ್ಮ ಗೈಡ್ ಸರ್ ಎಲ್ಲರ ಮುಂದೆ ನಕ್ಕರು. ಆಮೇಲೆ ಭಾರಜಲವನ್ನು ಬೇರೆ ಸಣ್ಣ ಕೊಳವೆಯಲ್ಲಿ ಮುಚ್ಚಿ ಒಳಗಿಳಿಸಲು ಕಲಿತೆ; ಪಿತ್ತವನ್ನು ಸ್ವಲ್ಪ ಹುಳಿಯ, ಅಂದರೆ ಆಮ್ಲದ, ಕಡೆಗೆ ತಂದು ಉಬ್ಬುಗಳನ್ನು ನಿಲ್ಲಿಸಲೂ ಕಲಿತೆ. ಆದರೆ ಆ ನಗು ನಿಲ್ಲಲಿಲ್ಲ. ಅಂದಿನಿಂದ ನನ್ನ ಪ್ರತಿ ಅಳತೆಯನ್ನೂ ಸರ್ ಒಂದು ಹುಬ್ಬು ಮೇಲೆತ್ತಿಯೇ ನೋಡುತ್ತಿದ್ದರು.

ಆಷಾಢದ ಗಾಳಿ ಶುರುವಾದಾಗ ಅಮ್ಮನಿಗೆ ಹೊಟ್ಟೆನೋವು ಬಂತು. ಜೀರಿಗೆ ಕಷಾಯ, ನಿಂಬೆಹಣ್ಣು, ಗಂಗತ್ತೆಯ ಎಲ್ಲ ಉಪಚಾರಗಳೂ ಆದ ಮೇಲೆ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಅದೇ ಆಸ್ಪತ್ರೆ, ಅದೇ ಸರ್ಜನ್. ಅಮ್ಮ ನನ್ನ ಫಾರಂ ನೋಡಿ ತಾನೇ ಒಪ್ಪಿ ಸಹಿ ಹಾಕಿದಳು. “ಹೆಂಗಿದ್ರೂ ಚೆಲ್ತಾರಲ್ಲ, ನಿಂಗಾದ್ರೂ ಆಗ್ಲಿ,” ಎಂದಳು.

ಇಲ್ಲಿ ಅಮ್ಮನ ಕಥೆ ಸ್ವಲ್ಪ ಹೇಳಬೇಕು. ಅವಳು ಗವಿಪುರದಲ್ಲಿ ಬೆಳೆದವಳು. ಮೂಲ ಮಾಗಡಿ ಕಡೆಯ ಒಕ್ಕಲು ಮನೆತನ. ಅಲ್ಲಿ ಹಬ್ಬದ ಮಾರನೆಯ ದಿನ ಒಲೆಯ ಮೇಲೆ ಮಾಂಸದ ಸಾರು ಇರಲೇಬೇಕು. ಅಪ್ಪನದು ತಲೆಮಾರುಗಳಿಂದ ಪೇಟೆಯ ವ್ಯಾಪಾರದ ಮನೆ. ಬೆಳಿಗ್ಗೆ ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದವರು. ಇಬ್ಬರೂ ಮೆಚ್ಚಿ ಮದುವೆಯಾದರು. ಅಮ್ಮ ಮಾಂಸ ಬಿಟ್ಟಿದ್ದಾಳೆ ಎಂಬುದು ನಮ್ಮ ಮನೆಯ ಹೆಮ್ಮೆ. “ನಮ್ ರತ್ನ ಈ ಹೊಸ್ಲು ತುಳಿದ್ ದಿನಾನೇ ಬಿಟ್ಬಿಟ್ಲು. ಈಗ ಅವ್ಳಿಗೆ ಅದರ ವಾಸ್ನೆ ಕಂಡ್ರೂ ಆಗಲ್ಲ,” ಎಂದು ಗಂಗತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಅವಳ ಮಧ್ಯಾಹ್ನದ ಡಬ್ಬಿಯನ್ನು ಗಂಗತ್ತೆಯೇ ಕಟ್ಟುತ್ತಿದ್ದರು. ಡಬ್ಬಿ ಪ್ರತಿದಿನ ಒಂದು ಅಗುಳೂ ಉಳಿಯದೆ ಖಾಲಿಯಾಗಿ ಬರುತ್ತಿತ್ತು; ಅದೂ ಅತ್ತೆಗೆ ಹೆಮ್ಮೆ.

ಆಪರೇಷನ್ನಿನ ಹಿಂದಿನ ದಿನ ಲಲಿತಾ ಸಿಸ್ಟರ್ ಫಾರಂ ಹಿಡಿದು ಬಂದರು. ವಾರ್ಡಿನ ಹಳೆಯ ನರ್ಸ್, ಒಳ್ಳೆಯ ಮನುಷ್ಯೆ, ದನಿ ಮಾತ್ರ ದೊಡ್ಡದು. “ಊಟ ವೆಜ್ಜಾ?” ಎಂದರು. ಅಮ್ಮ ಸಿಸ್ಟರ್ ಮುಖ ನೋಡಿದಳು. ಪಕ್ಕದಲ್ಲಿ ಕೂತಿದ್ದ ಗಂಗತ್ತೆ, “ನಮ್ಮನೇಲಿ ಬೆಳ್ಳುಳ್ಳೀನೂ ನೋಡ್ಕೊಂಡ್ ಹಾಕೋದು ಕಣಮ್ಮಾ,” ಎಂದರು. ಸಿಸ್ಟರ್ ಗುರುತು ಹಾಕಿಕೊಂಡರು. ನಾನು ಅಲ್ಲೇ ಇದ್ದೆ. ನನಗೆ ಅದರಲ್ಲಿ ಏನೂ ವಿಶೇಷ ಕಾಣಿಸಲಿಲ್ಲ.

ಮಾರನೆಯ ದಿನ ಆ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದದ್ದು ಒಬ್ಬರಿಗೇ. ಸೀಸೆಯ ನಂಬರ್ ಇಪ್ಪತ್ತಮೂರು. ನಂಬರ್ ಯಾರದೆಂದು ನನಗೆ ಗೊತ್ತಾಗಬಾರದು ಎಂಬುದು ನಿಯಮ. ಆ ದಿನ ಬೇರೆ ಯಾರನ್ನಾದರೂ ಕಳಿಸಬೇಕಿತ್ತು. ಕಳಿಸಲಿಲ್ಲ, ಅದು ನನ್ನದೇ ತಪ್ಪು. ಅಮ್ಮನಿಗೆ ಎಚ್ಚರವಾಗಿ, ನೀರು ಕೇಳಿ, ಮತ್ತೆ ನಿದ್ದೆ ಹೋದ ಮೇಲೆ ಡಬ್ಬಿ ಹಿಡಿದು ಮಲ್ಲೇಶ್ವರಕ್ಕೆ ಹೋದೆ.

ಎರಡು ದಿನ ಬಿಟ್ಟು ಅದನ್ನು ಯಂತ್ರಕ್ಕೆ ಹಾಕಿದೆ. ಪರದೆಯ ಮೇಲೆ ಗೆರೆ ಮೂಡಿತು. ಟಾರೀನಿನ ಉಬ್ಬು ಗ್ಲೈಸೀನಿನ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿತ್ತು.

ಅಮ್ಮನ ಬಗ್ಗೆ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಬಂದದ್ದು ನನ್ನ ಅಳತೆಯ ಬಗ್ಗೆ. ಅದಕ್ಕೂ ಮುಂಚೆ ಇನ್ನೂ ಕೆಲವು ಸೀಸೆಗಳಲ್ಲಿ ಹೀಗೇ ಆಗಿತ್ತು. ಹಾಳೆಗಳಲ್ಲೆಲ್ಲ ‘ಸಸ್ಯಾಹಾರಿ’ ಎಂದಿದ್ದರೂ ಟಾರೀನ್ ಕೆಲವರಲ್ಲಿ ಇಷ್ಟು, ಕೆಲವರಲ್ಲಿ ಅಷ್ಟು. ಏನೋ ಇರಬಹುದು ಎಂದು ಸುಮ್ಮನಿದ್ದೆ. ಈಗ ಸುಮ್ಮನಿರಲು ಆಗಲಿಲ್ಲ. ಒಂದೇ ಅಡುಗೆಮನೆಯಲ್ಲಿ ಉಂಡವರು ನಾವು. ಅಮ್ಮನ ತಟ್ಟೆ ನನಗೆ ಗೊತ್ತು. ಆದ್ದರಿಂದ ಯಂತ್ರಕ್ಕೆ ನಾನು ಹಾಕುತ್ತಿರುವುದೇ ತಪ್ಪು.

ಸರ್ ಗೆರೆಗಳನ್ನು ನೋಡಿ ಹುಬ್ಬು ಎತ್ತಿದರು. “ಎಲ್ಲಾ ವೆಜಿಟೇರಿಯನ್ಸು. ಅಳತೆ ಮಾತ್ರ ಒಬ್ಬೊಬ್ರದ್ದು ಒಂದೊಂದ್ ಥರ. ನೋಡು ಶೈಲಾ, ದೀಪಾವಳಿ ಒಳಗೆ ಸರಿಹೋದ್ರೆ ಸರಿ. ಇಲ್ದಿದ್ರೆ ಈ ಅಳತೇನ ಥೀಸಿಸ್‌ನಿಂದ ಕಿತ್ತುಹಾಕು. ಇದನ್ನ ಇಟ್ಕೊಂಡು ನಾನು ಸಹಿ ಹಾಕಲ್ಲ.” ಅದನ್ನು ಕಿತ್ತರೆ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮತ್ತು ಕೃತಜ್ಞತೆ ಮಾತ್ರ.

ಶ್ರಾವಣವಿಡೀ ಹೊಸದಾಗಿ ಬಂದ ಸೀಸೆಗಳ ಜೊತೆಗೆ ಹಳೆಯವನ್ನೂ ಮತ್ತೆ ಅಳೆದೆ. ಹುಳಿಯ ಮಟ್ಟ ಬದಲಿಸಿ ನೋಡಿದೆ, ಬಿಸಿ ಹೆಚ್ಚಿಸಿ ನೋಡಿದೆ, ನನ್ನ ಕೈಯಾರೆ ಗ್ಲೈಸೀನಿನದನ್ನೂ ಟಾರೀನಿನದನ್ನೂ ತೂಗಿ ಬೆರೆಸಿದ ದ್ರಾವಣ ಮಾಡಿ ಅಳೆದೆ. ಬೆರೆಸಿದಷ್ಟೇ ಬಂತು. ಅಮ್ಮನದನ್ನು ಐದು ಸಲ ಅಳೆದೆ. ಐದು ಸಲವೂ ಅದೇ. ಹೊರಗೆ ಮಳೆ, ಸಂಪಿಗೆ ರಸ್ತೆಯಲ್ಲಿ ಹೂವಿನವರು ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಕೂತಿರುತ್ತಿದ್ದರು, ನಾನು ಒದ್ದೆ ಚಪ್ಪಲಿಯಲ್ಲಿ ನೆಲಮಾಳಿಗೆಗೆ ಇಳಿಯುತ್ತಿದ್ದೆ. ಅಷ್ಟು ದಿನ ನನ್ನನ್ನು ನಾನು ನಂಬದೆ ಇದ್ದದ್ದು ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಭಾದ್ರಪದ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎಲ್ಲ ಫಲಿತಾಂಶಗಳನ್ನೂ ಆಪರೇಷನ್ ಆದ ದಿನದ ಪ್ರಕಾರ ಜೋಡಿಸಿ ಗೋಡೆಗೆ ಅಂಟಿಸಿದೆ. ಬೇರೆ ಎಲ್ಲ ರೀತಿಯಲ್ಲೂ ಜೋಡಿಸಿ ಆಗಿತ್ತು, ಇದೊಂದು ಉಳಿದಿತ್ತು. ನೋಡುತ್ತ ನಿಂತೆ. ಆಷಾಢದಲ್ಲಿ ಟಾರೀನ್ ಅಲ್ಲಲ್ಲಿ ಎದ್ದಿತ್ತು. ಶ್ರಾವಣ ಬಂದು ಒಂದೆರಡು ವಾರ ಕಳೆಯುವಷ್ಟರಲ್ಲಿ ಎಲ್ಲರದೂ ಇಳಿದು ಮಲಗಿತ್ತು. ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ಮತ್ತೆ ಅಲ್ಲಲ್ಲಿ ತಲೆಯೆತ್ತಿ, ಪಿತೃಪಕ್ಷದ ಹೊತ್ತಿಗೆ ಜೋರಾಗಿತ್ತು.

ನಾನು ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ. ಶ್ರಾವಣದಲ್ಲಿ ಮಾಂಸ ಬಿಡುವುದು ನಮ್ಮ ಊರಿನ ಪದ್ಧತಿ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಟ್ಟು ಮತ್ತೆ ತಿನ್ನುವುದೂ ಪದ್ಧತಿ. ಆದರೆ ಎಲ್ಲರೂ ಹುಟ್ಟು ಸಸ್ಯಾಹಾರಿಗಳಾಗಿದ್ದರೆ, ಶ್ರಾವಣದಲ್ಲಿ ಬಿಡುವುದಕ್ಕೆ ಅವರ ಹತ್ತಿರ ಏನಿತ್ತು? ಯಂತ್ರದೊಳಗೆ ಪಂಚಾಂಗ ಇಟ್ಟವರು ಯಾರು? ಅಳತೆ ಸರಿಯಾಗಿದೆ. ಸುಳ್ಳು ಹೇಳುತ್ತಿರುವುದು ಫಾರಂ.

ಎಂಟು ಜನರ ಮುಂದೆ, ಅತ್ತೆ ಮಾವ ಸೊಸೆ ಪಕ್ಕದ ಮಂಚದವರ ಮುಂದೆ ಗಟ್ಟಿಯಾಗಿ ಕೇಳಿದರೆ ಬಸವನಗುಡಿ, ಚಾಮರಾಜಪೇಟೆಯಲ್ಲಿ ಯಾರು ತಾನೇ ‘ಹೂಂ, ತಿಂತೀನಿ’ ಎನ್ನುತ್ತಾರೆ? ಹೇಳುವುದಕ್ಕೂ ಬಿಡುವುದಿಲ್ಲ; ಪಕ್ಕದವರೇ ಉತ್ತರ ಕೊಟ್ಟು ಮುಗಿಸಿರುತ್ತಾರೆ.

ಆಮೇಲೆ ನಗು ನಿಂತಿತು. ಇಪ್ಪತ್ತಮೂರು ಗೋಡೆಯ ಮೇಲೆ ಆಷಾಢದ ಸಾಲಿನಲ್ಲಿತ್ತು.

ಸರ್ ಹತ್ತಿರ ಹೋಗಿ, ಎಲ್ಲರನ್ನೂ ಮತ್ತೆ ಕೇಳಬೇಕು, ಒಬ್ಬೊಬ್ಬರನ್ನೇ, ಬಾಗಿಲು ಹಾಕಿಕೊಂಡು ಎಂದೆ.

“ಗಣಪತಿ ಹಬ್ಬಕ್ಕೂ ಸ್ಪೆಕ್ಟ್ರಮ್‌ಗೂ ಏನಮ್ಮಾ ಸಂಬಂಧ?” ಎಂದರು. ಆಮೇಲೆ ಗಂಭೀರವಾದರು. “ಉತ್ತರ ನೋಡ್ಕೊಂಡು ಪ್ರಶ್ನೆ ತಿದ್ದೋದು ಮೋಸ. ನಿಂಗೆ ಬೇಕಾದ ಹಾಗೆ ಹೇಳಿಸ್ಕೊಂಡ್ ಬರ್ತೀಯ.”

ಮಾತಿನಲ್ಲಿ ನ್ಯಾಯವಿತ್ತು. ನನಗೆ ಇನ್ನೂ ಸಿಟ್ಟು ಬಂತು, ನ್ಯಾಯ ಇದ್ದದ್ದಕ್ಕೇ.

“ನಾನು ಕೇಳಲ್ಲ ಸರ್. ಲಲಿತಾ ಸಿಸ್ಟರ್ ಕೇಳ್ಲಿ. ಅವ್ರಿಗೆ ಅಳತೆ ಏನೂ ಗೊತ್ತಿಲ್ಲ. ನಂಬರ್ ಬರ್ದು ಲಕೋಟೇಲಿ ಹಾಕಿ ಅಂಟಿಸ್ಲಿ. ನನ್ನ ಅಳತೇನೂ ಇವತ್ತೇ ಲಕೋಟೇಲಿ ಹಾಕಿ ನಿಮ್ ಬೀರೂನಲ್ಲಿಡಿ. ಎರಡನ್ನೂ ನೀವೇ ಒಡೀರಿ. ತಾಳೆ ಆಗ್ಲಿಲ್ಲ ಅಂದ್ರೆ ಆವತ್ತೇ ಕಿತ್ತುಹಾಕ್ತೀನಿ.”

ಸರ್ ಆಸ್ಪತ್ರೆಯ ಸಮಿತಿಗೆ ಪತ್ರ ಬರೆದರು.

ಒಪ್ಪಿಗೆ ಬಂತು. ತಪಾಸಣೆಗೆಂದು ಬಂದವರನ್ನೆಲ್ಲ ಲಲಿತಾ ಸಿಸ್ಟರ್ ಡ್ರೆಸ್ಸಿಂಗ್ ಕೋಣೆಗೆ ಒಬ್ಬೊಬ್ಬರಾಗಿ ಕರೆದು, ಬಾಗಿಲು ಹಾಕಿ, ಮೊದಲ ಸಲ ಮೆಲುದನಿಯಲ್ಲಿ ಕೇಳಿದರು. ಅಮ್ಮನೂ ಹೋಗಿಬಂದಳು. ಏನು ಹೇಳಿದಳು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದು ನನ್ನ ಸ್ವಭಾವಕ್ಕೆ ಎಷ್ಟು ಕಷ್ಟ ಎಂಬುದನ್ನು ನನ್ನನ್ನು ಬಲ್ಲವರು ಊಹಿಸಿಕೊಳ್ಳಬಹುದು.

ನವರಾತ್ರಿ ಮುಗಿದ ಮೇಲೆ ಸರ್ ಕೋಣೆಯಲ್ಲಿ ಲಕೋಟೆಗಳನ್ನು ಒಡೆದರು. ಒಂದೊಂದೇ ನಂಬರ್ ಓದುತ್ತ ಹೋದರು. ಟಾರೀನ್ ಎದ್ದವರ ಎದುರು ಸಿಸ್ಟರ್ ಬರೆದಿದ್ದರು: ಭಾನುವಾರ ಹೋಟೆಲಿನಲ್ಲಿ. ಅಕ್ಕಿಪೇಟೆಯ ಸ್ನೇಹಿತನ ಮನೆಯಲ್ಲಿ. ಮಗಳ ಮನೆಗೆ ಹೋದಾಗ ಮೀನು, ಮನೆಯಲ್ಲಿ ಹೇಳಬೇಡಿ. ಮಲಗಿದವರ ಎದುರು: ಇಲ್ಲ, ಯಾವತ್ತೂ ಇಲ್ಲ. ಸರ್ ಹುಬ್ಬು ನಿಧಾನವಾಗಿ ಕೆಳಗಿಳಿಯಿತು. ಕೊನೆಯಲ್ಲಿ ಒಂದು ಉಳಿಯಿತು.

“ಇಪ್ಪತ್ತಮೂರು. ಟಾರೀನ್ ಜಾಸ್ತಿ. ಉತ್ತರ, ‘ತಿನ್ನುವುದಿಲ್ಲ’.” ಸರ್ ಕನ್ನಡಕ ತೆಗೆದರು. “ಒಂದೇ ತಾನೆ. ಅದನ್ನ ತೆಗ್ದುಬಿಡು, ಎಲ್ಲಾ ಕ್ಲೀನ್ ಆಗತ್ತೆ. ನೀನು ಗೆದ್ದೆ ಕಣಮ್ಮಾ.”

“ತೆಗೆಯಲ್ಲ ಸರ್.”

“ಯಾಕೆ?”

“ತಾಳೆ ಆಗದೇ ಇರೋದನ್ನ ತೆಗೆದ್ರೆ ಅದೇ ಮೋಸ ಅಲ್ವಾ? ನೀವೇ ಹೇಳಿದ್ದು.”

“ಅಷ್ಟು ಧಿಮಾಕು ಬೇಡ. ಮುಂದಿನ ತಿಂಗಳು ಸೆಮಿನಾರಿಗೆ ಇದನ್ನ ಇಟ್ಕೊಂಡ್ ಬಂದ್ರೆ ಎಲ್ಲಾರೂ ಅದನ್ನೇ ಹಿಡ್ಕೊಂಡ್ ಎಳೀತಾರೆ. ತೆಗೆದ್ರೆ ಸಹಿ. ಇಲ್ದಿದ್ರೆ ಅಲ್ಲಿ ನೀನೇ ಉತ್ತರ ಕೊಟ್ಕೋ.”

ಅಂದು ಮಧ್ಯಾಹ್ನ ಮನೆಗೆ ಬಂದವಳು ಅಪ್ಪನ ಎದುರು ಕೂಗಾಡಿದೆ. “ಇಪ್ಪತ್ತಮೂರನ್ನ ಕಿತ್ತುಹಾಕು ಅಂತಾರಪ್ಪ. ಅಳತೆ ಸರಿಯಾಗಿರೋವಾಗ ನಾನ್ಯಾಕೆ ಕೀಳ್ಬೇಕು?” ಅಪ್ಪನಿಗೆ ಏನೂ ಅರ್ಥವಾಗದೆ ಮಜ್ಜಿಗೆ ಮುಂದಿಟ್ಟರು. ಬಡಿಸುತ್ತಿದ್ದ ಅಮ್ಮನ ಸೌಟು ನಡುವೆಯೇ ನಿಂತಿತ್ತು. ಅವಳಿಗೆ ತನ್ನ ನಂಬರ್ ಗೊತ್ತಿರಬಹುದೆಂದು ನನಗೆ ಆಗ ಹೊಳೆಯಲಿಲ್ಲ.

ಮಾರನೆಯ ದಿನ ಭಾನುವಾರ. ಅಮ್ಮ ತಾರಸಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ನನ್ನನ್ನು ಕೂಗಿ ಕರೆದಳು.

“ನನ್ನ ಚೀಟೀಲಿ ಇಪ್ಪತ್ತಮೂರು ಅಂತಿತ್ತು ಕಣೆ,” ಎಂದಳು.

ನಾನು ತಂತಿಯ ಮೇಲಿನ ಟವೆಲ್ ತೆಗೆದು ಅವಳ ಕೈಗೆ ಕೊಟ್ಟೆ.

“ಜಯಮ್ಮ ಗೊತ್ತಲ್ಲ, ಆಫೀಸಲ್ಲಿ ನನ್ನ ಪಕ್ಕದ ಟೇಬಲ್ಲು. ಇಪ್ಪತ್ತು ವರ್ಷದಿಂದ ಅವಳ ಡಬ್ಬಿ ನಂಗೆ, ನನ್ನ ಡಬ್ಬಿ ಅವಳಿಗೆ. ಸೋಮವಾರ, ಶ್ರಾವಣ ಬಿಟ್ಟು. ಅವಳ ಗಂಡನಿಗೆ ಸಾರು ಮಾಡೋದು ಚೆನ್ನಾಗಿ ಬರತ್ತೆ.”

“ಸಿಸ್ಟರ್ ಬಾಗಿಲು ಹಾಕಿದ್ರಲ್ಲಮ್ಮ. ಅತ್ತೆ ಇರ್ಲಿಲ್ಲ. ಆವಾಗಾದ್ರೂ ಹೇಳ್ಬಹುದಿತ್ತು.”

“ಅಕ್ಕಂಗೆ ಹೆದರ್ಲಿಲ್ಲ ನಾನು. ನಿಂಗೆ ಹೆದರಿದ್ದು.”

“ನನಗಾ?”

“ಆ ಚೀಟಿ ನೀನು ಓದ್ತೀಯಲ್ಲ.” ಅಮ್ಮ ನನ್ನ ಚೂಡಿದಾರವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. “ಆರನೇ ಕ್ಲಾಸಲ್ಲಿದ್ದೆ ನೀನು. ಗವಿಪುರದಲ್ಲಿ ನಮ್ಮಮ್ಮ ನಿಂಗೆ ಅಂತ ಬೇರೆ ಪಾತ್ರೆ ತೊಳೆದು, ಬೇರೆ ಒಲೇಲಿ ಪಾಯಸ ಮಾಡಿ ಕೊಟ್ಲು. ನೀನು ತಟ್ಟೆ ತಳ್ಳಿ, ‘ಥೂ, ಈ ಮನೇಲಿ ನಾನು ತಿನ್ನಲ್ಲ, ಎಲ್ಲಾ ವಾಸ್ನೆ’ ಅಂದೆ. ನಮ್ಮಮ್ಮ ನನ್ನ ಮುಖ ನೋಡಿದ್ಲು ಅಷ್ಟೆ.”

ನನಗೆ ಆ ತಟ್ಟೆಯೂ ನೆನಪಿರಲಿಲ್ಲ. ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಇಷ್ಟು ದಿನ ಫಾರಮ್ಮಿನ ಮೇಲೆ, ಅತ್ತೆಯ ಮೇಲೆ, ಊರಿನ ಮೇಲೆ ಹರಿಹಾಯುತ್ತಿದ್ದೆನಲ್ಲ. ನನ್ನ ಅಮ್ಮನ ಬಾಯಿ ಕಟ್ಟಿದವರಲ್ಲಿ ಮೊದಲನೆಯವಳು ನಾನೇ. ನಾಚಿಕೆಯಿಂದ ಸತ್ತುಹೋದೆ. ಅಮ್ಮನ ಕಾಲ ಬಳಿ ಕೂತು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ; ಅಳಲಿ ಎಂದು ಬಿಟ್ಟಳು. ಅದು ಸರಿಯಾಗಿಯೇ ಇತ್ತು.

ಕಾರ್ತಿಕದಲ್ಲಿ ಸೆಮಿನಾರ್ ನಡೆಯಿತು. ಪ್ರಬಂಧ ಒಪ್ಪಿಸುವ ಮುಂಚೆ ಎಲ್ಲರ ಎದುರು ನಿಂತು ಹೇಳಬೇಕು. ಮನೆಯವರೂ ಬಂದು ಕೂರಬಹುದು. ಅಪ್ಪ ಅಂಗಡಿ ಮುಚ್ಚಿ ಬಂದರು. ಗಂಗತ್ತೆ ರೇಷ್ಮೆ ಸೀರೆ ಉಟ್ಟು, ಕೊನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕೂತರು. ನಾನು ಇಪ್ಪತ್ತಮೂರನ್ನು ತೆಗೆದಿರಲಿಲ್ಲ. ಕೆಂಪು ಬಣ್ಣದಲ್ಲಿ, ಎಲ್ಲರಿಗೂ ಕಾಣುವಂತೆ ಪರದೆಯ ಮಧ್ಯದಲ್ಲೇ ಇಟ್ಟಿದ್ದೆ. ಮುಂದಿನ ಸಾಲಿನಲ್ಲಿ ಸರ್ ಕೈಕಟ್ಟಿ ಕೂತಿದ್ದರು.

ಮೈಸೂರಿನಿಂದ ಬಂದಿದ್ದ ಹಿರಿಯ ಮೇಡಂ ಒಬ್ಬರು ಎಲ್ಲವನ್ನೂ ಕೇಳಿ, ಕೊನೆಗೆ ಕೆಂಪು ಚುಕ್ಕೆಯನ್ನೇ ಹಿಡಿದರು. “ಇದೊಂದು ಯಾಕೆ ಹೊಂದಲ್ಲ? ಅಳತೆ ತಪ್ಪಾ, ಉತ್ತರ ತಪ್ಪಾ?”

“ಅಳತೆ ಸರಿ ಇದೆ ಮೇಡಂ.”

“ಅದು ಹೇಗೆ ಅಷ್ಟು ಖಚಿತ? ನಿಮ್ಮ ಹತ್ರ ಆಧಾರ ಏನಿದೆ?”

“ಹೇಳೋ ಹಾಗಿಲ್ಲ ಮೇಡಂ. ಆದ್ರೆ ತೆಗೆಯೋದೂ ಇಲ್ಲ.”

ಸಭೆಯಲ್ಲಿ ಗುಸುಗುಸು ಎದ್ದಿತು. ಆಧಾರವಿಲ್ಲದೆ ಹಟ ಮಾಡುತ್ತಿದ್ದಾಳೆ ಎಂದೇ ಎಲ್ಲರಿಗೂ ಕಂಡಿರಬೇಕು. ಸರ್ ತಲೆ ತಗ್ಗಿಸಿದರು. ಆಗ ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

“ಅದು ನಂದು,” ಎಂದಳು ಅಮ್ಮ. ಎದ್ದು ನಿಂತಿದ್ದಳು. ಕೈಚೀಲವನ್ನು ಎದೆಗೆ ಅವಚಿಕೊಂಡಿದ್ದಳು. “ಇಪ್ಪತ್ತಮೂರು ನಾನು. ನಾನು ತಿಂತೀನಿ. ಇಪ್ಪತ್ತು ವರ್ಷದಿಂದ ತಿಂತಿದೀನಿ. ಮೊದಲ್ನೇ ಸಲ ಕೇಳಿದಾಗ ಸುಮ್ನಿದ್ದೆ, ಎರಡ್ನೇ ಸಲ ಸುಳ್ಳು ಹೇಳ್ದೆ. ನನ್ನ ಮಗಳ ಯಂತ್ರ ಸುಳ್ಳು ಹೇಳ್ಲಿಲ್ಲ.”

ಮೈಸೂರಿನ ಮೇಡಂ ಕನ್ನಡಕ ಸರಿಮಾಡಿಕೊಂಡರು. ಮೃದುವಾಗಿಯೇ ಹೇಳಿದರು: “ನೀವು ಈಗ ಹೇಳಿದ್ದನ್ನ ನಾವು ಲೆಕ್ಕಕ್ಕೆ ತಗೊಳ್ಳೋಕಾಗಲ್ಲಮ್ಮಾ. ಲಕೋಟೆ ಒಡೆದಾಗಿದೆ.”

“ತಗೋಬೇಡಿ,” ಎಂದಳು ಅಮ್ಮ. “ಆದ್ರೆ ನನ್ನ ಕಿತ್ತುಹಾಕ್ಬೇಡಿ.”

ಕೂತಳು. ನಾನು ಪರದೆಯ ಕಡೆಗೆ ತಿರುಗಿ ಕಣ್ಣೊರೆಸಿಕೊಂಡೆ. ಇಪ್ಪತ್ತಮೂರು ಪ್ರಬಂಧದಲ್ಲಿ ಹಾಗೆಯೇ ಉಳಿಯಿತು, ತಾಳೆಯಾಗದ್ದು ಎಂದೇ. ಸರ್ ಸಹಿ ಹಾಕುವಾಗ ತಲೆಯೆತ್ತದೆ, “ನಿನ್ನ ಹಟ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು,” ಎಂದರು.

ಅಪ್ಪ ನಮ್ಮನ್ನು ಆಟೋ ಹತ್ತಿಸಿ, “ಸಂಜೆ ಬೇಗ ಬರ್ತೀನಿ ರತ್ನ,” ಎಂದಷ್ಟೇ ಹೇಳಿ ಅಂಗಡಿಗೆ ಹೋದರು. ಆಟೋದಲ್ಲಿ ಅತ್ತೆ, ಅಮ್ಮ, ನಾನು. ಅತ್ತೆ ಮೆಜೆಸ್ಟಿಕ್ ದಾಟುವ ತನಕ ರೇಷ್ಮೆ ಸೀರೆಯ ಅಂಚನ್ನು ನೀವುತ್ತಲೇ ಇದ್ದರು. ಇವತ್ತು ಮನೆಯಲ್ಲಿ ಏನೇನು ಆಗುತ್ತದೋ, ಆಗಲಿ, ಒಂದು ಮಾತು ಅಮ್ಮನ ಮೇಲೆ ಬಂದರೂ ಬಿಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಜಗಳಕ್ಕೆ ಸಿದ್ಧಳಾಗುತ್ತಿದ್ದೆ.

“ಹಂಗಾದ್ರೆ,” ಎಂದರು ಅತ್ತೆ ಕೊನೆಗೆ, “ನಾನು ಕಟ್ಟಿದ್ದನ್ನೆಲ್ಲ ಅವಳು ತಿಂದ್ಲಾ? ಆ ಜಯಮ್ಮ?”

“ಹೂಂ ಅಕ್ಕ. ಒಂದ್ ಅಗುಳೂ ಬಿಡ್ತಿರ್ಲಿಲ್ಲ.”

“ಚಟ್ನಿಪುಡಿ ಖಾರ ಜಾಸ್ತಿ ಅಂದ್ಲಾ?”

“ಇಲ್ಲ ಅಕ್ಕ. ಇನ್ನೂ ತಗೊಂಬಾ ಅಂತಿದ್ಲು.”

ಅತ್ತೆ ಆಟೋದ ಹೊರಗೆ ಮುಖ ಮಾಡಿದರು. ಕೋಪವೋ ದುಃಖವೋ ನನಗೆ ತಿಳಿಯಲಿಲ್ಲ. ಹದಿನೈದು ದಿನ ಅಮ್ಮನ ಜೊತೆ ಸರಿಯಾಗಿ ಮಾತನಾಡಲಿಲ್ಲ. ಆದರೆ ಮಾರನೆಯ ದಿನದ ಡಬ್ಬಿಯಲ್ಲಿ ಚಟ್ನಿಪುಡಿ ಎಂದಿಗಿಂತ ಹೆಚ್ಚಾಗಿತ್ತು, ಅದನ್ನು ನಾನೇ ನೋಡಿದೆ.

ಇವೆಲ್ಲ ಆಗಿ ಕೆಲವು ವರ್ಷಗಳಾದವು. ಹೋದ ವಾರ ಅದೇ ವಾರ್ಡಿನಲ್ಲಿ ಚಿಕ್ಕಪ್ಪನನ್ನೂ ಉಳಿದವರನ್ನೂ ಆಚೆ ಅಟ್ಟಿ, ಗಂಗತ್ತೆಯ ಮಂಚದ ಸುತ್ತ ಪರದೆ ಎಳೆದೆ. ನರ್ಸ್ ಪೆನ್ನು ಹಿಡಿದು ನಿಂತಳು. ಅತ್ತೆ ದಿಂಬಿಗೆ ಒರಗಿ ನನ್ನನ್ನು ನೋಡಿದರು.

“ನೀನೂ ಹೋಗು,” ಎಂದರು.

ನಾನೂ ಹೊರಗೆ ಬಂದೆ. ಅಮ್ಮ ಪಕ್ಕದಲ್ಲಿ ಬಂದು ನಿಂತಳು. ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸಿಕೊಳ್ಳಲು ನಾವು ಹೋಗಲೂ ಇಲ್ಲ. ಆದರೆ ‘ಇಲ್ಲ’ ಎಂಬ ಒಂದು ಮಾತಿಗೆ ಬೇಕಾಗುವುದಕ್ಕಿಂತ ಗಂಗತ್ತೆ ಬಹಳ ಹೆಚ್ಚು ಹೊತ್ತು ತೆಗೆದುಕೊಂಡರು.